ಮೇವಿನ ಕೈ

ಸೆಪ್ಟೆಂಬರ್ ೩೦, ಸೋಮವಾರ

ಇಲಿಗಳು ಇವತ್ತು ಹೋದವು. ಏಸಿ ವ್ಯಾನು, ಹೊಸ ಪಂಜರ, ಮುಂದೊಬ್ಬ ಹಿಂದೊಬ್ಬ ಸೆಕ್ಯೂರಿಟಿ. ನನ್ನ ಮದುವೆಯ ದಿಬ್ಬಣಕ್ಕೂ ಅಷ್ಟು ಮರ್ಯಾದೆ ಇರಲಿಲ್ಲ. ಮೊಲಗಳು ಶನಿವಾರವೇ ಹೋಗಿದ್ದವು. ಸುರತ್ಕಲ್ ಕಡೆಯ ಹೊಸ ಕಟ್ಟಡದಲ್ಲಿ ಅವಕ್ಕೆ ತಂಪು ಗಾಳಿಯಂತೆ, ಸೋಸಿದ ನೀರಂತೆ, ತಾನೇ ಹೊತ್ತಿ ತಾನೇ ಆರುವ ದೀಪವಂತೆ. ಇದನ್ನೆಲ್ಲ ಮುಗಿಸಿ ನಾನೂ ಅಲ್ಲಿಗೆ ಹೋಗಬೇಕು. “ನೀವು ಲಕ್ಕಿ ಮೇಡಂ” ಎಂದರು ಆಡಳಿತ ಕಚೇರಿಯ ಪ್ರೇಮ್. ಲಕ್ಕಿಯಂತೆ! ಊರೊಳಗೇ ಮಣ್ಣಗುಡ್ಡದ ಮನೆಯಿಂದ ಫಳ್ನೀರಿಗೆ ಬಂದು ಹೋಗುತ್ತಿದ್ದವಳು ಇನ್ನು ದಿನಾ ಹೈವೇ ಬಸ್ಸಿನಲ್ಲಿ ನೇತಾಡಬೇಕು. ಆ ಮನುಷ್ಯನನ್ನೇ ಒಂದು ವಾರ ಬಸ್ಸಿನಲ್ಲಿ ನಿಲ್ಲಿಸಿ ಕಳಿಸಬೇಕು, ಆಗ ಗೊತ್ತಾಗುತ್ತದೆ.

ಮೆಡಿಕಲ್ ಕಾಲೇಜಿನ ಈ ಹಳೆಯ ಪ್ರಾಣಿಗೃಹಕ್ಕೆ ನಾನು ಸೇರಿದ್ದು ಮದುವೆಗೂ ಮೊದಲು. ಈಗ ಇದರ ಉಸ್ತುವಾರಿ ನನ್ನದೇ. ಹೆಂಚಿನ ಮಾಡು, ಕೆಂಪು ನೆಲ, ಹಿಂದುಗಡೆ ಒಂದು ಹಲಸಿನ ಮರ. ಎಲ್ಲ ಹೋಗಿ ಇಲ್ಲಿ ಕಾರು ನಿಲ್ಲಿಸುವ ಕಟ್ಟಡ ಬರುತ್ತದೆ. ಖಾಲಿ ಪಂಜರಗಳ ನಡುವೆ ನಡೆದರೆ ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತದೆ. ಒಂದು ಕಾಲದಲ್ಲಿ ಫೋನು ಬಂದರೆ ಮಾತಾಡಲು ಹೊರಗೆ ಓಡಬೇಕಿತ್ತು. ಪ್ಲಾಸ್ಟಿಕ್ ಚೀಲದ ಸದ್ದು ಕೇಳಿದರೆ ಸಾಕು, ಗಿನಿಹಂದಿಗಳೆಲ್ಲ ಒಟ್ಟಿಗೆ ಸಿಳ್ಳೆ ಹಾಕುತ್ತಿದ್ದವು. ತೊಟ್ಟಿಯಲ್ಲಿ ಕಪ್ಪೆಗಳು. ಬಾಗಿಲಲ್ಲಿ ಹೊಸ ಬಿಳಿ ಕೋಟು ಹಾಕಿಕೊಂಡ ಮೊದಲ ವರ್ಷದ ಮಕ್ಕಳು, ಯಾರು ಮೊದಲು ತಲೆತಿರುಗಿ ಬೀಳುತ್ತಾರೆಂದು ಪಂಥ ಕಟ್ಟಿಕೊಂಡು. ಈಗ ಮಕ್ಕಳು ಕಪ್ಪೆಯನ್ನು ಕಂಪ್ಯೂಟರಿನಲ್ಲೇ ನೋಡುತ್ತಾರೆ. ಒಳ್ಳೆಯದೇ. ಕಪ್ಪೆಗಂತೂ ಒಳ್ಳೆಯದು.

ಉಳಿದದ್ದು ಒಂದು ಕುರಿ. ರೋಗಿಯ ಗಂಟಲಿನಲ್ಲಿ ಯಾವ ಕ್ರಿಮಿ ಇದೆ ಎಂದು ತಿಳಿಯಲು ಲ್ಯಾಬಿನವರು ಅದನ್ನು ಒಂದು ತಟ್ಟೆಯಲ್ಲಿ ಬೆಳೆಸುತ್ತಾರೆ, ಆ ತಟ್ಟೆಗೆ ಕುರಿಯ ರಕ್ತ ಹಾಕಬೇಕು. ಎಂಟು ವರ್ಷ ಈ ಕುರಿ ರಕ್ತ ಕೊಟ್ಟಿದೆ. ತೆಗೆದವಳು ನಾನು. ಈಗ ತಟ್ಟೆಗಳು ತಯಾರಾಗಿ ಪ್ಯಾಕೆಟಿನಲ್ಲೇ ಬರುತ್ತವೆ, ಕುರಿ ಬೇಡ. ಬಜಪೆಯ ಆಚೆ ಬೇಡವಾದ ಪ್ರಾಣಿಗಳನ್ನು ಸಾಕುವವರು ಒಬ್ಬರು ತೆಗೆದುಕೊಳ್ಳಲು ಒಪ್ಪಿದ್ದಾರೆ, ಆದರೆ ಆರೋಗ್ಯವಾಗಿದೆ ಎಂದು ಪಶುವೈದ್ಯರು ಬರೆದುಕೊಡಬೇಕು. ಬರೆದುಕೊಡದಿದ್ದರೆ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸುವುದೆಂದು ಕಾಲೇಜಿನ ಸಮಿತಿಯ ತೀರ್ಮಾನ. ಅಂಥದ್ದೇನೂ ಆಗಲಿಕ್ಕಿಲ್ಲ, ಕುರಿ ಕಲ್ಲಿನ ಹಾಗೆ ಗಟ್ಟಿ ಇದೆ. ಕಳಿಸಿ ಬೀಗ ಹಾಕಿದರೆ ನನ್ನ ಕೆಲಸ ಮುಗಿಯಿತು.

ಅಕ್ಟೋಬರ್ ೪, ಶುಕ್ರವಾರ

ಅಲಿಯಬ್ಬಾಕ ಇವತ್ತು ರಜೆ ಹಾಕಿ ಹೊರಟರು. ನಾನು ಸೇರುವ ಮೊದಲೇ ಇಲ್ಲಿದ್ದವರು, ಪ್ರಾಣಿಗಳಿಗೆ ಮೇವು ಹಾಕುವವರು. ದಮ್ಮಾಮಿನಲ್ಲಿರುವ ಮಗ ಫೈಝಲ್ ಅಪ್ಪ ಅಮ್ಮನನ್ನು ಉಮ್ರಾ ಯಾತ್ರೆಗೆ ಕರೆಸಿಕೊಂಡಿದ್ದಾನೆ, ಅದು ಮುಗಿಸಿ ಕೆಲವು ದಿನ ಅವನ ಮನೆಯಲ್ಲಿ ಇದ್ದು ಬರುವುದಂತೆ. ಹೊಸ ಅಂಗಿ, ಗಡ್ಡಕ್ಕೆ ಮದರಂಗಿ. ಮೆಟ್ಟಿಲಲ್ಲಿ ಕೂತು ಕೊನೆಯ ಚಾ ಕುಡಿದೆವು.

“ರಾಜೀವಕ್ಕ, ಕಿನ್ನಿಗೆ ಹಲಸಿನ ಎಲೆ ಎಳತು ಬೇಡ, ಬಲಿತದ್ದು ಕೊಡಿ. ಮತ್ತೆ ಸ್ವಲ್ಪ ಮಾತಾಡಿಸ್ತಾ ಇರಿ.”

“ಕುರಿಯ ಹತ್ರ ನಾನು ಎಂತ ಮಾತಾಡ್ಲಿಕ್ಕೆ ಅಲಿಯಬ್ಬಾಕ?”

“ಎಂತಾದ್ರೂ ಆಗ್ತದೆ. ಬಂಗುಡೆ ಮೀನಿಗೆ ಇವತ್ತು ಎಷ್ಟು ರೇಟು ಅಂತ ಹೇಳಿ. ಅದಕ್ಕೆ ಎಲ್ಲ ಕೇಳ್ಲಿಕ್ಕೆ ಇಷ್ಟ.”

ಕಿನ್ನಿ ಎಂದರೆ ತುಳುವಿನಲ್ಲಿ ಮರಿ. ಘಟ್ಟದ ಮೇಲಿನಿಂದ ಬರುವಾಗ ಮರಿಯೇ ಇತ್ತು, ಈಗ ಮುದುಕಿ. ಹೆಸರು ಅವರಿಟ್ಟದ್ದು. ನಾನು ಹೆಸರಿಡುವುದಿಲ್ಲ, ಕರೆಯುವುದೂ ಇಲ್ಲ. ಚುಚ್ಚುವ ಕೈಗೆ ಹೆಸರು ಗೊತ್ತಿದ್ದರೆ ನಡುಗುತ್ತದೆ.

ಇದು ಡಾಕ್ಟರ್ ಸಿಕ್ವೇರಾ ಹಾಕಿಕೊಟ್ಟ ಪದ್ಧತಿ. ಅವರು ನಮ್ಮ ಮೊದಲ ಮುಖ್ಯಸ್ಥರು. ನಾನು ಕೆಲಸಕ್ಕೆ ಸೇರಿದ ದಿನವೇ ನನಗೊಂದು ಹಸಿರು ಕೋಟು ಕೊಟ್ಟು, ಅಲಿಯಬ್ಬಾಕನ ಖಾಕಿ ಅಂಗಿಯನ್ನು ತೋರಿಸಿ ಹೇಳಿದ್ದರು: “ನೋಡು, ಮೇವಿನ ಕೈ ಬೇರೆ, ಸೂಜಿಯ ಕೈ ಬೇರೆ. ಎರಡನ್ನೂ ಒಬ್ಬರೇ ಮಾಡಬಾರದು. ಮಾಡಿದರೆ ಪ್ರಾಣಿಗೆ ನಂಬ್ಲಿಕ್ಕೆ ಯಾರೂ ಇರುವುದಿಲ್ಲ.” ಅವತ್ತಿನಿಂದ ನಾನು ಇಲ್ಲಿ ಒಂದು ಪ್ರಾಣಿಗೂ ಒಂದು ಎಲೆ ಕೊಟ್ಟವಳಲ್ಲ. ಅಲಿಯಬ್ಬಾಕ ಒಮ್ಮೆಯೂ ಸೂಜಿ ಮುಟ್ಟಿದವರಲ್ಲ. ಅವರು ಕುರಿಯ ತಲೆ ಹಿಡಿದು ಎಲೆ ತಿನ್ನಿಸುವುದು, ನಾನು ಕತ್ತಿನಿಂದ ರಕ್ತ ತೆಗೆಯುವುದು. ಆಮೇಲೆ ಆ ರಕ್ತ ಹೆಪ್ಪುಗಟ್ಟದ ಹಾಗೆ ಫ್ಲಾಸ್ಕಿನಲ್ಲಿ ಗಾಜಿನ ಮಣಿಗಳ ಜೊತೆ ಕುಲುಕುವುದು. ಗಲಗಲ ಗಲಗಲ. ಬುಧವಾರದ ಬೆಳಿಗ್ಗೆ ಎಂದರೆ ನನಗೆ ಈಗಲೂ ಆ ಸದ್ದೇ.

ಮನೆಗೆ ಬರುವಾಗ ಮಗಳು ಮೋಕ್ಷಾ ಊಟ ಬಡಿಸಿಕೊಂಡು ಕೋಣೆಯೊಳಗೆ ಹೋಗಿದ್ದಳು. ಅವಳ ಅಪ್ಪ ತೀರಿಕೊಂಡ ಮೇಲೆ ಅವಳ ಊಟ ಅಲ್ಲೇ. ಹೇಳಿ ಹೇಳಿ ಸಾಕಾಗಿದೆ.

ಅಕ್ಟೋಬರ್ ೭, ಸೋಮವಾರ

ಎಲೆ ಹಾಕಿದೆ. ತಿನ್ನಲಿಲ್ಲ. ಶನಿವಾರವೂ ತಿಂದಿರಲಿಲ್ಲ, ನಿನ್ನೆ ಕಾವಲುಗಾರನ ಹತ್ತಿರ ಹಾಕಿಸಿದ್ದನ್ನೂ ಮುಟ್ಟಲಿಲ್ಲವಂತೆ.

ಇವತ್ತು ಆದದ್ದು ಬರೆಯದೆ ನಿದ್ರೆ ಬರುವುದಿಲ್ಲ. ನಾನು ಎಲೆಯ ಕಟ್ಟು ಹಿಡಿದು ಗೇಟು ತೆಗೆದೆ. ಕುರಿ ನನ್ನನ್ನು ನೋಡಿತು. ಎದ್ದು ನಿಧಾನವಾಗಿ ಕಂಬದ ಹತ್ತಿರ ಹೋಗಿ ನಿಂತು ಗಲ್ಲ ಮೇಲೆತ್ತಿ ಕತ್ತು ಕೊಟ್ಟಿತು. ರಕ್ತಕ್ಕೆ. ಎಂಟು ವರ್ಷದ ಅಭ್ಯಾಸ. ನಾನು ಎಲೆಯನ್ನು ಅದರ ಬಾಯಿಯ ಹತ್ತಿರ ಹಿಡಿದೆ. ಕಣ್ಣು ಮುಚ್ಚಿ ಇನ್ನೂ ಎತ್ತರಕ್ಕೆ ಗಲ್ಲ ಎತ್ತಿತು, ಬೇಗ ಮುಗಿಸು ಎಂಬ ಹಾಗೆ.

“ಸೂಜಿ ಇಲ್ಲ ಮಾರಾಯ್ತಿ, ಎಲೆ!” ಎಂದು ಕಿರುಚಿದೆ. ಕುರಿಯ ಹತ್ತಿರ ಕಿರುಚಿ ಎಂತ ಪ್ರಯೋಜನ.

ಅಕ್ಟೋಬರ್ ೯, ಬುಧವಾರ

ತಿನ್ನಲಿಲ್ಲ. ನೀರು ಸ್ವಲ್ಪ ಕುಡಿಯಿತು, ರಾತ್ರಿ ಯಾರೂ ಇಲ್ಲದಾಗ ನಾಲ್ಕು ಎಲೆ ಕಡಿದ ಹಾಗಿದೆ.

ಅಕ್ಟೋಬರ್ ೧೧, ಶುಕ್ರವಾರ, ಆಯುಧ ಪೂಜೆ

ತೂಕದ ಯಂತ್ರಕ್ಕೆ ಒಂದು ಹೂ, ಗೇಟಿಗೆ ಒಂದು ಹೂ. ಮುಗಿಯಿತು ಪೂಜೆ. ಪ್ರೇಮ್ ಫೋನಿನಲ್ಲಿ ಫೋಟೋ ತೆಗೆದು “ಲಾಸ್ಟ್ ಪೂಜಾ” ಎಂದು ಎಲ್ಲಿಗೋ ಕಳಿಸಿದರು.

ಮೊದಲೆಲ್ಲ ಹೇಗಿತ್ತು! ಹಿಂದಿನ ದಿನವೇ ಪಂಜರಗಳನ್ನು ತೊಳೆದು ಸಾಲಾಗಿ ಬಿಸಿಲಿಗೆ ಇಡುವುದು. ಪ್ರತಿಯೊಂದಕ್ಕೂ ಕುಂಕುಮ. ಕತ್ತರಿ, ಚಿಮುಟ, ಅಲಿಯಬ್ಬಾಕನ ಎಲೆ ಕೊಯ್ಯುವ ದೋಟಿ, ಎಲ್ಲಕ್ಕೂ ಕುಂಕುಮ. ಒಂದು ವರ್ಷ ಮೊಲವೊಂದು ಪಂಜರದ ಮಾಲೆಯನ್ನು ಆರತಿಗೆ ಮೊದಲೇ ಒಳಗಿನಿಂದ ಎಳೆದು ತಿಂದು ಮುಗಿಸಿತ್ತು. ಡಾಕ್ಟರ್ ಸಿಕ್ವೇರಾ ತೆಂಗಿನಕಾಯಿ ತಾನೇ ಒಡೆಯುವುದೆಂದು ಹಟ ಹಿಡಿದು ಬೆರಳು ಜಜ್ಜಿಕೊಂಡಿದ್ದರು. ಬ್ಯಾಂಡೇಜು ಕಟ್ಟಿದ್ದು ನಾನು. ಅಲಿಯಬ್ಬಾಕ ಅವಲಕ್ಕಿ ಹಂಚುವುದು, ಮಕ್ಕಳು ಮೂರು ಸಲ ಸಾಲಿನಲ್ಲಿ ಬರುವುದು, ಅವರಿಗೆ ಗೊತ್ತಿದ್ದೂ ಕೊಡುವುದು.

ಒಮ್ಮೆ ನನ್ನ ಗಂಡ ಕಮಲೇಶ್ ಪುಟ್ಟ ಮೋಕ್ಷಾಳನ್ನು ಎತ್ತಿಕೊಂಡು ಬಂದಿದ್ದರು. ಒಳಗೆ ಬಂದವರು ಮೂಗು ಮುಚ್ಚಿಕೊಂಡರು, “ಎಂತ ವಾಸನೆ ಮಾರಾಯ್ತಿ ಇದು!” ಇಡೀ ಜೀವಮಾನ ಬಂದರಿನ ಧಕ್ಕೆಯಲ್ಲಿ ಮೀನು ಏಲಂ ಕೂಗಿದ ಮನುಷ್ಯ! ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೆವು. ನಾನು ಹಸಿರು ಕೋಟಿನಲ್ಲೇ ಮಗುವನ್ನು ಎತ್ತಿಕೊಳ್ಳಲು ಹೋದರೆ ಅದು ಅಪ್ಪನ ಕುತ್ತಿಗೆಗೆ ಜೋತುಬಿದ್ದು ಊರಿಗೆಲ್ಲ ಕೇಳುವ ಹಾಗೆ ಅತ್ತಿತ್ತು.

ಬೀದಿಯಲ್ಲಿ ಹುಲಿವೇಷದವರು ತಾಸೆ ಬಡಿಯುತ್ತಾ ಹೋದರು. ಕುರಿ ಮೂಲೆಯಲ್ಲಿ ಮುದುಡಿಕೊಂಡಿತು. ಪೂಜೆಯ ಸೇವಂತಿಗೆ ಹಾಕಿದೆ. ಹಿಂದೆಲ್ಲ ಕಸಿದು ತಿನ್ನುತ್ತಿದ್ದದ್ದು, ಇವತ್ತು ಮೂಸಲೂ ಇಲ್ಲ.

ಅಕ್ಟೋಬರ್ ೧೪, ಸೋಮವಾರ

ಅಲಿಯಬ್ಬಾಕನಿಗೆ ಹೇಳುವುದು ಬೇಡ ಎಂದುಕೊಂಡಿದ್ದೆ, ಪುಣ್ಯಕ್ಕೆ ಹೋದವರು. ಆದರೂ ಮೆಸೇಜು ಮಾಡಿದೆ. ಅವರು ಕುರಿಗೆಂದೇ ಒಂದು ವಾಯ್ಸ್ ಕಳಿಸಿದರು. “ಕಿನ್ನೀ... ಬಾ ಬಾ ಬಾ... ತಿನ್ನು ಮಗಳೇ” ಎಂದು, ನಾಲಿಗೆಯಲ್ಲಿ ಟಕ್ ಟಕ್ ಎನ್ನುತ್ತಾ.

ಫೋನನ್ನು ಗೇಟಿನ ಹತ್ತಿರ ಹಿಡಿದು ಹಾಕಿದೆ. ಅಯ್ಯೋ ದೇವರೇ, ಯಾಕಾದರೂ ಹಾಕಿದೆನೋ. ಕುರಿ ನೆಗೆದು ಬಂತು. ನನ್ನ ಹಿಂದೆ ನೋಡಿತು, ಬಾಗಿಲಿನ ಕಡೆ ನೋಡಿತು. ಆಮೇಲೆ ಕೂಗಲು ಶುರು ಮಾಡಿತು. ಬೀಗ ಹಾಕಿ ಬರುವಾಗಲೂ ಗೇಟಿನ ಹತ್ತಿರವೇ ನಿಂತು ಕೂಗುತ್ತಾ ಇತ್ತು. ಆ ವಾಯ್ಸನ್ನು ಫೋನಿನಿಂದ ತೆಗೆದುಹಾಕಿದೆ. ನನಗೂ ಕಮಲೇಶರ ಒಂದು ವಾಯ್ಸ್ ಉಂಟು ಫೋನಿನಲ್ಲಿ, “ಅಂಜಲ್ ಮೀನು ಸಿಕ್ಕಿತು, ಮಸಾಲೆ ಕಡೆದಿಡು” ಎಂದು. ಅದನ್ನು ನಾನು ಹಾಕುವುದೂ ಇಲ್ಲ, ತೆಗೆಯುವುದೂ ಇಲ್ಲ.

ಅಕ್ಟೋಬರ್ ೧೬, ಬುಧವಾರ

ಪಶುವೈದ್ಯೆ ನಾಝಿಮಾ ಬಂದಿದ್ದರು. ಸಣ್ಣ ಪ್ರಾಯ, ಚುರುಕು. ಕುರಿಯ ಬಾಯಿ, ಕಣ್ಣು, ಹೊಟ್ಟೆ ಎಲ್ಲ ನೋಡಿದರು. ಬೆನ್ನಿನ ಮೇಲೆ ಕೈಯಾಡಿಸಿ ಮೂಳೆ ಸಿಗುತ್ತದೆ ಎಂದರು.

“ಕಾಯಿಲೆ ಎಂತದೂ ಇಲ್ಲ ಮೇಡಂ. ಸರಿಯಾಗಿ ತಿನ್ನುವುದಿಲ್ಲ ಅಷ್ಟೇ. ಆದ್ರೆ ಹೀಗೇ ಇಳಿದ್ರೆ ನಾನು ಫಿಟ್ ಅಂತ ಬರೀಲಿಕ್ಕೆ ಆಗುವುದಿಲ್ಲ. ಅಲ್ಲಿಯವರು ಗೇಟಿನಿಂದಲೇ ವಾಪಸ್ ಕಳಿಸ್ತಾರೆ.”

“ವಾಪಸ್ ಬಂದ್ರೆ?”

“ನಿಮಗೆ ಗೊತ್ತುಂಟಲ್ಲ.”

ಗೊತ್ತುಂಟು. ಆ ಇಂಜೆಕ್ಷನ್ ಇಲ್ಲಿ ಯಾರು ಕೊಡುವುದೆಂಬುದೂ ಗೊತ್ತುಂಟು. ಇಪ್ಪತ್ತೊಂಬತ್ತಕ್ಕೆ ಕೊನೆಯ ತಪಾಸಣೆ.

ಮಧ್ಯಾಹ್ನ ತಲೆ ಓಡಿಸಿದೆ. ಮೊಳೆಯಲ್ಲಿ ಅಲಿಯಬ್ಬಾಕನ ಖಾಕಿ ಅಂಗಿ ನೇತಾಡುತ್ತಾ ಇತ್ತು. ಹಸಿರು ಕೋಟು ತೆಗೆದಿಟ್ಟು, ಸೀರೆಯ ಮೇಲೆ ಅದನ್ನೇ ಹಾಕಿಕೊಂಡೆ. ಕಾವಲುಗಾರ ನೋಡಿ ಬೇರೆ ಕಡೆ ತಿರುಗಿ ನಕ್ಕ, ನಗಲಿ. ಕುರಿ ಬಂತು. ಅಂಗಿಯ ತೋಳನ್ನು ಮೂಸಿತು, ಬಾಲ ಅಲ್ಲಾಡಿಸಿತು. ನನಗೆ ಹೋದ ಜೀವ ಬಂದ ಹಾಗಾಯಿತು. ತೋಳಿನಿಂದ ಕೆಳಗೆ ಮೂಸುತ್ತಾ ಮೂಸುತ್ತಾ ನನ್ನ ಕೈಗೆ ಬಂತು. ಅಲ್ಲಿ ನಿಂತಿತು. ತಟ್ಟನೆ ಹಿಂದೆ ಸರಿದು ಕಂಬದ ಹತ್ತಿರ ಹೋಗಿ ಗಲ್ಲ ಎತ್ತಿತು.

ನನಗೆ ಅಳು ಬಂತು. ಸಿಟ್ಟಿನ ಅಳು. ನಾನು ಯಾವತ್ತಾದರೂ ಅದಕ್ಕೆ ನೋವಾಗುವ ಹಾಗೆ ಚುಚ್ಚಿದ್ದೇನಾ? ನನ್ನಷ್ಟು ಮೆತ್ತಗೆ ಚುಚ್ಚುವವರು ಈ ಊರಿನಲ್ಲಿ ಯಾರಿದ್ದಾರೆ?

ಅಕ್ಟೋಬರ್ ೧೯, ಶನಿವಾರ

ಬಂಗುಡೆಯ ಪುಳಿಮುಂಚಿ ಸಾರು ಮಾಡುತ್ತಾ ಇದ್ದೆ. ಮೋಕ್ಷಾ ನೀರಿಗೆಂದು ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತಳು.

“ಎಂತ ಅಮ್ಮ, ಒಬ್ಬಳೇ ಮಾತಾಡ್ತಾ ಇದ್ದಿ?”

ನಾನು ಮಾತಾಡುತ್ತಿದ್ದದ್ದು ನನಗೇ ಗೊತ್ತಿಲ್ಲ. ಕುರಿಯ ಕಥೆ ಹೇಳಿದೆ. ಖಾಕಿ ಅಂಗಿ ಹಾಕಿಕೊಂಡದ್ದನ್ನು ಕೇಳಿ ಹುಡುಗಿ ಬಿದ್ದು ಬಿದ್ದು ನಕ್ಕಳು. ಅವಳು ನಗುವಾಗ ಅಪ್ಪನ ಹಾಗೆಯೇ ಹೆಗಲು ಕುಣಿಯುತ್ತದೆ. ಆಮೇಲೆ “ಕೈ ಕೊಡು ನೋಡುವ” ಎಂದು ನನ್ನ ಕೈ ಎಳೆದು ಮೂಸಿದಳು.

“ಸ್ಪಿರಿಟ್. ಅದಕ್ಕೇ ತಿನ್ನದ್ದು. ನಾನು ಸಣ್ಣವಳಿರುವಾಗ ಈ ವಾಸನೆ ಬಂದ ಕೂಡಲೇ ಪಪ್ಪನ ಹಿಂದೆ ಹೋಗಿ ಅಡಗ್ತಿದ್ದೆ, ನಿನಗೆ ನೆನಪುಂಟಾ? ಜ್ವರದ ಮದ್ದು ನೀನು, ಇಂಜೆಕ್ಷನ್ ನೀನು, ಕಾಲಿಗೆ ಗಾಯ ಆದ್ರೆ ಉರಿ ಉರಿ ಅಯೋಡಿನ್ ನೀನು. ಕುರಿಯದ್ದೇನೂ ತಪ್ಪಿಲ್ಲ.”

ನನಗೆ ಚುರ್ರೆಂದಿತು. “ಮದ್ದು ಯಾರಾದರೂ ಒಬ್ಬರು ಕುಡಿಸಬೇಕಲ್ಲ” ಎಂದೆ. “ನಿನ್ನ ಪಪ್ಪ ಚಮಚ ಹಿಡಿದುಕೊಂಡು ನಿನ್ನ ಜೊತೆ ಅಳ್ತಾ ಕೂತುಕೊಳ್ತಿದ್ರು. ಹಾಗೆ ಬಿಟ್ಟಿದ್ರೆ ನೀನು ಇಷ್ಟೆತ್ತರ ಆಗ್ತಿರಲಿಲ್ಲ.”

“ಗೊತ್ತುಂಟು” ಎಂದಳು. ಅಷ್ಟೇ. ಹೋಗಲಿಲ್ಲ, ಅಲ್ಲೇ ಮೀನು ಕೊಯ್ಯುವ ಮೆಟ್ಟುಕತ್ತಿಯ ಹತ್ತಿರ ಕೂತು ಫೋನು ನೋಡುತ್ತಾ ಇದ್ದಳು. ಕೈಗೆ ಕಾಲಿಗೆ ಅಡ್ಡ.

ಇವರ ಅಭ್ಯಾಸ ನೆನಪಾಯಿತು. ಊಟದ ಕೊನೆಗೆ ಬಟ್ಟಲಿನ ಅನ್ನ ಸಾರು ಒಟ್ಟುಮಾಡಿ, ಮುಳ್ಳು ತೆಗೆದ ಮೀನು ಸೇರಿಸಿ, ಉಂಡೆ ಕಟ್ಟಿ ಮಗಳ ಬಾಯಿಗೆ ಇಡುವುದು. “ಕಾಲೇಜಿಗೆ ಹೋಗುವ ಹುಡುಗಿಗೆ ಕೈತುತ್ತಾ? ಕೈಯಾದರೂ ಸರಿಯಾಗಿ ತೊಳೆದಿದ್ದೀರಾ?” ಎಂದು ನಾನು ಬೈಯುವುದು. ಬೈದು ಬೈದು ಆ ಬೈಗುಳವೂ ಊಟದ ಒಂದು ಭಾಗವೇ ಆಗಿತ್ತು.

ಅಕ್ಟೋಬರ್ ೨೦, ಆದಿತ್ಯವಾರ

ರಜೆಯಾದರೂ ಹೋದೆ. ಸ್ಪಿರಿಟಿನ ಬಾಟಲಿಯ ಕಡೆ ನೋಡಲೂ ಇಲ್ಲ. ಎಷ್ಟೋ ವರ್ಷಗಳ ಅಭ್ಯಾಸ, ಬಾಗಿಲು ದಾಟಿದ ಕೂಡಲೇ ಕೈ ತಾನೇ ಹೋಗುತ್ತದೆ. ಸೆರಗಿಗೆ ಸುತ್ತಿ ಹಿಡಿದುಕೊಂಡೆ.

ದೋಟಿಯಲ್ಲಿ ಎಲೆ ಕೊಯ್ದೆ. ಅರ್ಧ ಎಲೆ ನನ್ನ ತಲೆಯ ಮೇಲೆಯೇ ಬಿತ್ತು. ಕುರಿಯ ಹತ್ತಿರ ಹೋಗಲಿಲ್ಲ. ಗೇಟು ತೆಗೆದಿಟ್ಟು, ಅದಕ್ಕೆ ಬೆನ್ನು ಹಾಕಿ, ನೆಲದಲ್ಲಿ ಕೂತು ನನ್ನ ಬುತ್ತಿ ಬಿಚ್ಚಿದೆ. ನೀರುದೋಸೆ, ತೆಂಗಿನಕಾಯಿ ಚಟ್ನಿ. ಇಲ್ಲಿ ಒಳಗೆ ಕೂತು ತಿನ್ನಬಾರದೆಂದು ಬೋರ್ಡು ಹಾಕಿಸಿದವಳು ನಾನೇ. ಅಲಿಯಬ್ಬಾಕ ಹೇಳಿದ ಹಾಗೆ ಮಾತಾಡಿದೆ. ಬಂಗುಡೆ ರೇಟು ಹೇಳಿದೆ. ಬೂತಾಯಿ ರೇಟು ಹೇಳಿದೆ. ಪ್ರೇಮ್ ಬಗ್ಗೆ ಹೇಳಬೇಕಾದದ್ದೆಲ್ಲ ಹೇಳಿದೆ. ಆಮೇಲೆ ಹೇಳಲು ಏನೂ ಇಲ್ಲದೆ, ಕಮಲೇಶ್ ಆಸ್ಪತ್ರೆಯಲ್ಲಿ ಕೊನೆಯ ದಿನ “ರಾಜಿ, ಸ್ವಲ್ಪ ಗಂಜಿ ಬಾಯಿಗೆ ಇಡು” ಎಂದದ್ದನ್ನು ಹೇಳಿದೆ. ನಾನು ಅವತ್ತು ಡ್ರಿಪ್ ಸರಿಮಾಡುತ್ತಾ ಇದ್ದೆ. ನರ್ಸಮ್ಮ ಕೊಡುತ್ತಾರೆ ಇರಿ ಎಂದಿದ್ದೆ.

ಬೆನ್ನಿಗೆ ಬಿಸಿ ಉಸಿರು ತಾಗಿತು. ನಾನು ಅಲುಗಾಡಲಿಲ್ಲ. ಭುಜದ ಮೇಲಿಂದ ಮೂತಿ ಬಂತು, ಚಟ್ನಿ ಮೆತ್ತಿದ ನನ್ನ ಬೆರಳುಗಳನ್ನು ಮೂಸಿತು. ಉಪ್ಪಿಗೋ ಏನೋ, ನೆಕ್ಕಿತು. ನಾಲಿಗೆ ಎಷ್ಟು ಒರಟು! ಎಡಗೈಯಲ್ಲಿ ಒಂದು ಎಲೆ ಎತ್ತಿ ಹಿಡಿದೆ. ಎಳೆದುಕೊಂಡಿತು. ಕರುಂ ಕರುಂ ಎಂದು ಅಗಿಯಿತು. ಇನ್ನೊಂದು. ಮತ್ತೊಂದು. ಕಾಲು ಜೋಮು ಹಿಡಿಯಿತು. ಕಟ್ಟು ಮುಗಿಯುವ ತನಕ ಏಳಲಿಲ್ಲ.

ಅಕ್ಟೋಬರ್ ೨೪, ಗುರುವಾರ

ಕಿನ್ನಿ ತಿನ್ನುತ್ತಾಳೆ. ಬೆಳಿಗ್ಗೆ ಎರಡು ಕಟ್ಟು ಎಲೆ, ಸಂಜೆ ಹಿಂಡಿ. ಹಸಿರು ಕೋಟನ್ನು ತೊಳೆದು ಮಡಚಿ ಕಪಾಟಿನಲ್ಲಿಟ್ಟೆ.

ಮೋಕ್ಷಾ ಕಾಲೇಜು ಮುಗಿಸಿ ನೇರ ಇಲ್ಲಿಗೆ ಬಂದಳು, ಕುರಿ ನೋಡಲಿಕ್ಕೆಂದು. ಖಾಲಿ ತೊಟ್ಟಿ, ಖಾಲಿ ಪಂಜರ ಎಲ್ಲ ಸುತ್ತಿ ನೋಡಿದಳು. “ಇಲ್ಲಿ ಗಿನಿಹಂದಿ ಇತ್ತಲ್ಲ? ಇಲ್ಲಿ ನಾನು ಪಪ್ಪನನ್ನು ಹಿಡ್ಕೊಂಡು ಕೂಗಿದ್ದಲ್ಲ?” ಎಂದು ಕೇಳುತ್ತಾ ಹೋದಳು. ನಾನು ಒಂದೊಂದೇ ತೋರಿಸುತ್ತಾ ಹೋದೆ. ಎಷ್ಟು ಹೊತ್ತು ಮಾತಾಡಿದೆವೋ. ರಾತ್ರಿ ನನಗೆ ಅಡುಗೆ ಮಾಡಲು ಉದಾಸೀನ, ಅವಳೇ ಮೊಟ್ಟೆ ಕಾಯಿಸಿದಳು. ಅಡುಗೆಮನೆಯ ನೆಲದಲ್ಲೇ ಕೂತು ತಿಂದೆವು. ಉಪ್ಪು ಜಾಸ್ತಿ.

ಅಕ್ಟೋಬರ್ ೨೯, ಮಂಗಳವಾರ

ಇವತ್ತು ಕೊನೆಯ ತಪಾಸಣೆ.

ನಾಝಿಮಾ ಬೆಳಿಗ್ಗೆಯೇ ಬಂದರು. ಕಿನ್ನಿಯನ್ನು ತೂಕದ ಯಂತ್ರದಲ್ಲಿ ನಿಲ್ಲಿಸಿ ಹುಬ್ಬು ಹಾರಿಸಿದರು, “ಎಂತ ಜಾದು ಮಾಡಿದ್ರಿ ಮೇಡಂ?” ಇನ್ನು ರಕ್ತ ಪರೀಕ್ಷೆ ಒಂದು ಬಾಕಿ. ಅದರ ರಿಪೋರ್ಟು ಇಲ್ಲದೆ ಅಲ್ಲಿಯವರು ಒಳಗೆ ಬಿಡುವುದಿಲ್ಲ. ನಾನು ಎಂದಿನ ಹಾಗೆ ಎಲೆ ತಿನ್ನಿಸುತ್ತಾ ಇದ್ದೆ. ನಾಝಿಮಾ ಸಿರಿಂಜಿನ ಕವರು ಹರಿದರು. ಆ ಸದ್ದಿಗೆ ಕಿನ್ನಿ ಅಗಿಯುವುದನ್ನು ನಿಲ್ಲಿಸಿ ಗಲ್ಲ ಮೇಲೆತ್ತಿದಳು.

ನಾಝಿಮಾ ಒಮ್ಮೆ ಚುಚ್ಚಿದರು, ನರ ಸಿಗಲಿಲ್ಲ. ಎರಡನೇ ಸಲವೂ ಇಲ್ಲ. ಹಳೆಯ ಕತ್ತು, ಚುಚ್ಚಿ ಚುಚ್ಚಿ ನಾನೇ ದಪ್ಪ ಮಾಡಿದ ಚರ್ಮ. ಕಿನ್ನಿ ಕೊಸರಿಕೊಂಡಳು.

“ಮೇಡಂ, ನೀವೇ ತೆಗೀರಿ. ನಿಮಗೆ ಕಣ್ಣು ಮುಚ್ಚಿದ್ರೂ ಸಿಗ್ತದೆ.”

ಸಿಗುತ್ತದೆ. ಒಂದು ಕ್ಷಣದ ಕೆಲಸ. ಬಲಗೈ ತಾನಾಗಿಯೇ ಸಿರಿಂಜಿಗೆ ಚಾಚಿತು. ಎಡಗೈಯಲ್ಲಿ ಅವಳು ಅರ್ಧ ತಿಂದ ಎಲೆ ಇತ್ತು. ಈ ಕೈಯಿಂದ ಚುಚ್ಚಿದರೆ ನಾಳೆ ಇದೇ ಕೈಯಿಂದ ತಿನ್ನುತ್ತಾಳಾ? ತಿನ್ನದೆ ಹೋದರೆ, ಅಲ್ಲಿ ಹೊಸ ಜಾಗದಲ್ಲಿ ಯಾರ ಕೈಯ ಮೇಲೆ ನಂಬಿಕೆ ಇಟ್ಟು ಬದುಕುತ್ತಾಳೆ? ಮೂರನೇ ಸಲವೂ ಸಿಗದಿದ್ದರೆ ರಿಪೋರ್ಟು ಇಲ್ಲ, ರಿಪೋರ್ಟು ಇಲ್ಲದಿದ್ದರೆ ಆ ಇಂಜೆಕ್ಷನ್. ಎರಡೂ ಕಡೆ ಸೂಜಿಯೇ.

“ನನ್ನಿಂದ ಆಗುವುದಿಲ್ಲ ಡಾಕ್ಟ್ರೆ” ಎಂದೆ. “ಇದು ಈಗ ಮೇವಿನ ಕೈ.”

“ಎಂತ ಮೇಡಂ?”

“ನೀವೇ ಹಾಕಿ. ನಾನು ಹೇಳ್ತೇನೆ, ನೀವು ಹಾಕಿ. ಕತ್ತಿನ ಬುಡದಲ್ಲಿ ಹೆಬ್ಬೆರಳು ಒತ್ತಿ. ಇನ್ನೂ ಕೆಳಗೆ. ಹಾಂ. ಈಗ ತಡೀರಿ, ಅವಸರ ಬೇಡ. ಮೇಲೆ ನರ ಹಗ್ಗದ ಹಾಗೆ ಉಬ್ಬಿ ಬರ್ತದೆ.”

ನಾನು ಮುಂದೆ ಮೊಣಕಾಲೂರಿ ಕೂತು ಕಿನ್ನಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದೆ. ಅಲಿಯಬ್ಬಾಕ ಕೂತುಕೊಳ್ಳುತ್ತಿದ್ದ ಜಾಗ ಅದು. ಎಂಟು ವರ್ಷ ನಾನು ಈ ಪ್ರಾಣಿಯ ಕತ್ತು ನೋಡಿದ್ದೇನೆ, ಮುಖ ನೋಡಿರಲಿಲ್ಲ. ಸೂಜಿ ಒಳಗೆ ಹೋಗುವಾಗ ಅವಳ ಕಣ್ಣು ನನ್ನ ಕಣ್ಣಿನಲ್ಲೇ ಇತ್ತು. “ಆಯ್ತು ಮಗಳೇ, ಆಯ್ತು ಆಯ್ತು” ಎನ್ನುತ್ತಾ ಇದ್ದೆ. ಅದು ಅಲಿಯಬ್ಬಾಕನ ಮಾತು. ನನ್ನ ಬಾಯಿಗೆ ಯಾವಾಗ ಬಂತೋ.

“ಸಿಕ್ಕಿತು!” ಎಂದರು ನಾಝಿಮಾ.

ಎಲೆ ಹಿಡಿದೆ. ಕಿನ್ನಿ ಮೊದಲು ನನ್ನ ಬೆರಳುಗಳನ್ನು ಒಂದೊಂದಾಗಿ ಮೂಸಿದಳು. ಆ ಸ್ವಲ್ಪ ಹೊತ್ತು ನನಗೆ ಸಾಕು ಸಾಕಾಯಿತು. ಆಮೇಲೆ ಎಲೆ ಎಳೆದುಕೊಂಡಳು.

ನವೆಂಬರ್ ೫, ಮಂಗಳವಾರ

ರಿಪೋರ್ಟು ಬಂತು, ಎಲ್ಲ ಸರಿ. ಇವತ್ತು ಟೆಂಪೋ ಬಂತು.

ಅಲಿಯಬ್ಬಾಕ ನಿನ್ನೆಯಷ್ಟೇ ಊರಿಗೆ ಬಂದವರು ಖರ್ಜೂರದ ಪೊಟ್ಟಣ ಹಿಡಿದು ಓಡಿ ಬಂದರು. ಕಿನ್ನಿ ಅವರನ್ನು ಕಂಡು ಕುಣಿದದ್ದೇನು, ತಲೆಯಲ್ಲಿ ಗುದ್ದಿದ್ದೇನು! ನಾನು ಎಲೆ ಹಿಡಿದು ಅಲ್ಲೇ ನಿಂತಿದ್ದೆ, ತಿರುಗಿಯೂ ನೋಡಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಬರೆಯಲಿ. ಅಲಿಯಬ್ಬಾಕ ಖರ್ಜೂರದ ಬೀಜ ತೆಗೆದು ತಿನ್ನಿಸಿ, ನನ್ನ ಕೈಗೂ ಒಂದು ಕೊಟ್ಟರು.

“ನಿಮ್ಮ ಕೈಯಿಂದ ತಿಂದಳಂತೆ ಅಲ್ವಾ ರಾಜೀವಕ್ಕ? ಸಿಕ್ವೇರಾ ಡಾಕ್ಟ್ರು ಇದ್ದಿದ್ರೆ ಎಂತ ಹೇಳ್ತಿದ್ರು?”

“ಕೋಟು ವಾಪಸ್ ಕೊಡು ಅಂತ ಹೇಳ್ತಿದ್ರು” ಎಂದೆ. ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವರು ಟವೆಲಿನಲ್ಲಿ ಕಣ್ಣು ಒರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟೆ.

ಟೆಂಪೋ ಹೋದ ಮೇಲೆ ಒಳಗೆ ಒಮ್ಮೆ ನಡೆದೆ. ಫ್ಲಾಸ್ಕು ಕಪಾಟಿನಲ್ಲೇ ಇತ್ತು. ಎತ್ತಿ ಒಮ್ಮೆ ಕುಲುಕಿದೆ. ಗಲಗಲ. ಯಾರೂ ಗಲ್ಲ ಎತ್ತಲಿಲ್ಲ. ಬೀಗ ಹಾಕಿ ಕೀಲಿಕೈ ಪ್ರೇಮ್ ಅವರಿಗೆ ಕೊಟ್ಟೆ.

ನವೆಂಬರ್ ೧೭, ಆದಿತ್ಯವಾರ

ಹೊಸ ಜಾಗದ ವಿಷಯ ಬರೆಯಲು ಏನೂ ಇಲ್ಲ. ಬಸ್ಸಿನಲ್ಲಿ ಸೀಟು ಸಿಗುತ್ತದೆ, ಪ್ರೇಮ್ ಅವರಿಗೆ ಹೇಳುವುದಿಲ್ಲ. ಇಲಿಗಳಿಗೆ ಮೇವು ಹಾಕುವ ಹೊಸಬಳಿಗೆ ಮೊದಲ ದಿನವೇ ಹೇಳಿದೆ, ಮೇವಿನ ಕೈ ಬೇರೆ, ಸೂಜಿಯ ಕೈ ಬೇರೆ ಎಂದು. ತಲೆ ಅಲ್ಲಾಡಿಸಿದಳು. ನಿಧಾನವಾಗಿ ಗೊತ್ತಾಗುತ್ತದೆ.

ಇವತ್ತು ಮೋಕ್ಷಾಳೇ ಎಬ್ಬಿಸಿದಳು, “ನಡಿ, ಕಿನ್ನಿಯನ್ನು ನೋಡಿ ಬರುವ” ಎಂದು. ಬಜಪೆ ಬಸ್ಸಿನಿಂದ ಇಳಿದು ರಿಕ್ಷಾ ಮಾಡಿದೆವು. ಗುಡ್ಡದ ಇಳಿಜಾರಿನಲ್ಲಿ ಬೇಲಿ, ಒಳಗೆ ಕುಂಟು ದನ, ಮುದಿ ಆಡು, ಎರಡು ಕತ್ತೆ. ಅವುಗಳ ನಡುವೆ ನನ್ನ ಕುರಿ. ಕತ್ತಿನ ಬೋಳು ಜಾಗದಲ್ಲಿ ಸಣ್ಣಗೆ ಉಣ್ಣೆ ಬಂದಿದೆ.

ಬೇಲಿಯ ಹತ್ತಿರ ನಿಂತು ಕರೆಯಲು ಧೈರ್ಯ ಆಗಲಿಲ್ಲ. ನನ್ನನ್ನು ಕಂಡು ಗಲ್ಲ ಎತ್ತಿದರೆ? ಇಷ್ಟೆಲ್ಲ ಆದ ಮೇಲೂ ಎತ್ತಿದರೆ ನಾನು ಹೇಗೆ ಮನೆಗೆ ಹೋಗಲಿ? “ನೀನು ಕರೆ ಅಮ್ಮ” ಎಂದಳು ಮೋಕ್ಷಾ. ನಾನು ಕರೆಯಲಿಲ್ಲ. ಅವಳೇ ನಾಲಿಗೆಯಲ್ಲಿ ಟಕ್ ಟಕ್ ಎಂದಳು.

ಕಿನ್ನಿ ತಲೆ ತಿರುಗಿಸಿದಳು. ನೋಡಿದಳು. ನಡೆದು ಬಂದಳು. ಬೇಲಿಯ ಹತ್ತಿರ ಬಂದು ನನ್ನ ಮುಖವನ್ನೊಮ್ಮೆ ನೋಡಿ, ತಲೆ ತಗ್ಗಿಸಿ, ನಾನು ತಂದಿದ್ದ ಚೀಲದೊಳಗೆ ಮೂತಿ ತೂರಿಸಿ ಹಲಸಿನ ಎಲೆ ಹುಡುಕಿದಳು.

ಕಟ್ಟು ಪೂರ್ತಿ ತಿನ್ನಿಸಿದೆ. ಕಿವಿಯ ಹಿಂದೆ ತುರಿಸಿದೆ. ಮೋಕ್ಷಾ ಫೋಟೋ ತೆಗೆದು ಅಲಿಯಬ್ಬಾಕನಿಗೆ ಕಳಿಸಿದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಬುತ್ತಿ ಬಿಚ್ಚಿದೆ. ಅನ್ನ, ಹಿಂದಿನ ದಿನದ ಬಂಗುಡೆ ಸಾರು. ಹಸಿವೆಯೋ ಹಸಿವೆ. ಕಲಸಿ, ಮುಳ್ಳು ಬಿಡಿಸಿ, ಉಂಡೆ ಮಾಡಿದ್ದೆ ನನಗೆಂದೇ. ಕಿಟಕಿಯ ಹತ್ತಿರ ಕೂತಿದ್ದ ಮೋಕ್ಷಾ ಈ ಕಡೆ ತಿರುಗಿ ಬಾಯಿ ತೆರೆದಳು. ಇಟ್ಟೆ. ಅಗಿದು ನುಂಗಿ ಮತ್ತೆ ತೆರೆದಳು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ನಕ್ಕಳು, ಇಷ್ಟು ದೊಡ್ಡ ಹುಡುಗಿ ಎಂದು ಇರಬೇಕು. ಬುತ್ತಿ ಖಾಲಿಯಾಯಿತು, ನನಗೆ ಎರಡು ತುತ್ತು ಸಿಕ್ಕಿದರೆ ಹೆಚ್ಚು.

ಕುರಿ ಮುಟ್ಟಿದ ಮೇಲೆ ಕೈ ತೊಳೆದೇ ಇಲ್ಲ ಎಂಬುದು ಬಸ್ಸು ಕಾವೂರು ದಾಟಿದ ಮೇಲೆ ನೆನಪಾಯಿತು.